ತಿಂಗಳುಗಟ್ಟಲೆ ಕಾಡುವ ಮಾನಸಿಕ ಒತ್ತಡದಿಂದ ಮಿದುಳಿನಲ್ಲೂ ಉರಿಯೂತ: ಮರೆವಿನ ಕಾಯಿಲೆಗೂ ಇದಕ್ಕೂ ಏನು ನಂಟು?

ಲಿಂಗಂಪಲ್ಲಿ, ಹೈದರಾಬಾದ್: ಬೀದರ್, ಕಲಬುರಗಿ ಕಡೆಯಿಂದ ರೈಲು ಹತ್ತಿ ಹೈದರಾಬಾದ್‌ಗೆ ದುಡಿಯಲು ಬರುವ ಕನ್ನಡಿಗರಿಗೆ ಲಿಂಗಂಪಲ್ಲಿ ನಿಲ್ದಾಣ ಚಿರಪರಿಚಿತ. ಹೈಟೆಕ್ ಸಿಟಿ, ಗಚ್ಚಿಬೌಲಿಯ ಕಚೇರಿಗಳಿಗೆ ಇಲ್ಲಿಂದ ಹೆಚ್ಚು ದೂರವಿಲ್ಲ. ರಾತ್ರಿ ಪಾಳಿ, ಮನೆ ಸಾಲದ ಕಂತು, ಊರಿನಲ್ಲಿ ಉಳಿದ ವಯಸ್ಸಾದ ತಂದೆ-ತಾಯಿಯ ಚಿಂತೆ... ಇವೆಲ್ಲದರ ನಡುವೆ "ಇತ್ತೀಚೆಗೆ ಏನೂ ನೆನಪಿರಲ್ಲ, ತಲೆಯೇ ಓಡಲ್ಲ" ಎನ್ನುವವರು ಕಡಿಮೆಯೇನಿಲ್ಲ. ಹಾಗಾದರೆ ಇದು ಮರೆವಿನ ಕಾಯಿಲೆಯ ಆರಂಭವೇ?

ಬಹುತೇಕರ ವಿಷಯದಲ್ಲಿ ಅಲ್ಲ. ಒತ್ತಡ, ನಿದ್ದೆಗೇಡಿನಿಂದ ಬರುವ ಮರೆವು ವಿಶ್ರಾಂತಿ ಸಿಕ್ಕರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆದರೆ ಒತ್ತಡ ವರ್ಷಗಟ್ಟಲೆ ಮುಂದುವರಿದರೆ ಅದು ಮಿದುಳಿನಲ್ಲಿ ಸಣ್ಣ ಪ್ರಮಾಣದ ಉರಿಯೂತವನ್ನು ಜೀವಂತವಾಗಿಡಬಹುದು ಎನ್ನುತ್ತವೆ ಸಂಶೋಧನೆಗಳು. ಆಲ್ಝೈಮರ್ಸ್, ಪಾರ್ಕಿನ್ಸನ್‌ನಂತಹ ನರಕೋಶ ನಶಿಸುವ ಕಾಯಿಲೆಗಳಲ್ಲಿಯೂ ಇದೇ ಬಗೆಯ ಉರಿಯೂತ ಕಾಣಿಸುತ್ತದೆ.

ಒತ್ತಡವಾದಾಗ ದೇಹದಲ್ಲಿ ಏನಾಗುತ್ತದೆ?: ಅಪಾಯ ಎದುರಾದಾಗ ಮಿದುಳಿನ ಹೈಪೋಥಲಾಮಸ್ ಭಾಗ ಪಿಟ್ಯುಟರಿ ಗ್ರಂಥಿಗೆ, ಅದು ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗೆ ಸಂದೇಶ ಕಳಿಸುತ್ತದೆ. ಆಗ ಕಾರ್ಟಿಸೋಲ್ ಹಾರ್ಮೋನ್ ಬಿಡುಗಡೆಯಾಗುತ್ತದೆ. ಅಪಾಯ ಕಳೆದ ಮೇಲೆ ಈ ವ್ಯವಸ್ಥೆ ತಾನಾಗಿಯೇ ತಣ್ಣಗಾಗಬೇಕು. ಅಲ್ಪ ಕಾಲದ ಒತ್ತಡದಿಂದ ತೊಂದರೆಯಿಲ್ಲ, ಪರೀಕ್ಷೆ ಅಥವಾ ಸಂದರ್ಶನದ ದಿನ ಅದು ನೆರವಿಗೂ ಬರುತ್ತದೆ.

ನೆನಪುಗಳನ್ನು ರೂಪಿಸುವ ಹಿಪೊಕ್ಯಾಂಪಸ್ ಭಾಗವು ಒತ್ತಡದ ಹಾರ್ಮೋನನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬುದನ್ನು ಅಮೆರಿಕದ ವಿಜ್ಞಾನಿ ಬ್ರೂಸ್ ಮೆಕ್‌ಎವೆನ್ 1968ರಲ್ಲಿ ಇಲಿಗಳ ಮೇಲಿನ ಪ್ರಯೋಗದಲ್ಲಿ ತೋರಿಸಿದ್ದರು. ಒತ್ತಡದಲ್ಲಿರುವವರಿಗೆ ಮೊದಲು ನೆನಪಿನ ಶಕ್ತಿಯೇ ಕೈಕೊಡುವುದೇಕೆ ಎಂಬುದಕ್ಕೆ ಇದೂ ಒಂದು ಕಾರಣ.

ಕಾವಲುಗಾರನೇ ತಿರುಗಿಬಿದ್ದಾಗ: ಮಿದುಳಿನಲ್ಲಿ ಮೈಕ್ರೋಗ್ಲಿಯಾ ಎಂಬ ರಕ್ಷಣಾ ಕೋಶಗಳಿವೆ. ಸತ್ತ ಕೋಶ, ರೋಗಾಣು, ಬೇಡದ ಪ್ರೋಟೀನ್‌ಗಳನ್ನು ಗುಡಿಸಿ ಹಾಕುವುದು ಇವುಗಳ ಕೆಲಸ. ಕಾರ್ಟಿಸೋಲ್ ಸಾಮಾನ್ಯವಾಗಿ ಉರಿಯೂತವನ್ನು ತಗ್ಗಿಸುತ್ತದೆ. ಆದರೆ ಒತ್ತಡ ದೀರ್ಘವಾದಾಗ ರಕ್ಷಣಾ ಕೋಶಗಳು ಈ ಹಾರ್ಮೋನಿನ ಮಾತು ಕೇಳುವುದನ್ನೇ ನಿಲ್ಲಿಸುತ್ತವೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಇಂತಹ ಮೈಕ್ರೋಗ್ಲಿಯಾ ಸದಾ ತುದಿಗಾಲಲ್ಲಿ ನಿಂತಿರುವುದು ಕಂಡುಬಂದಿದೆ. ಸಣ್ಣ ಸೋಂಕಿಗೂ ಅವು ಅತಿಯಾಗಿ ಪ್ರತಿಕ್ರಿಯಿಸಿ, ಉರಿಯೂತ ಹೆಚ್ಚಿಸುವ ಇಂಟರ್‌ಲ್ಯೂಕಿನ್, ಟಿಎನ್‌ಎಫ್‌ನಂತಹ ರಾಸಾಯನಿಕಗಳನ್ನು ಬಿಡುತ್ತವೆ. ಇದರಿಂದ ಪಕ್ಕದ ಆರೋಗ್ಯವಂತ ನರಕೋಶಗಳಿಗೂ ಪೆಟ್ಟು ಬೀಳುತ್ತದೆ.

ಆಲ್ಝೈಮರ್ಸ್ ರೋಗಿಗಳ ಮಿದುಳಿನಲ್ಲಿ ಅಮಿಲಾಯ್ಡ್ ಪ್ರೋಟೀನ್ ಗಂಟುಗಳ ಸುತ್ತ ಮೈಕ್ರೋಗ್ಲಿಯಾ ಗುಂಪುಗೂಡಿರುತ್ತವೆ. ಮೈಕ್ರೋಗ್ಲಿಯಾ ಕೆಲಸಕ್ಕೆ ಬೇಕಾದ ಟ್ರೆಮ್2 ಜೀನ್‌ನಲ್ಲಿ ದೋಷವಿದ್ದರೆ ಈ ರೋಗದ ಅಪಾಯ ಹೆಚ್ಚುತ್ತದೆ ಎಂದು 2013ರಲ್ಲಿ ತಿಳಿದುಬಂತು. ಉರಿಯೂತವು ರೋಗದ ಪರಿಣಾಮ ಮಾತ್ರವಲ್ಲ, ಅದರ ಬೆಳವಣಿಗೆಯಲ್ಲಿಯೂ ಪಾತ್ರ ವಹಿಸುತ್ತದೆ ಎಂಬ ವಾದಕ್ಕೆ ಇದು ಬಲ ನೀಡಿತು. ಇನ್ನು ಪಾರ್ಕಿನ್ಸನ್ ಇರುವವರಲ್ಲಿ ಆತಂಕ ಹೆಚ್ಚಾದ ಕೂಡಲೇ ಕೈ ನಡುಕವೂ ಹೆಚ್ಚುವುದನ್ನು ಮನೆಯವರೇ ಗಮನಿಸಿರುತ್ತಾರೆ.

ಒತ್ತಡವೇ ಕಾರಣ ಎನ್ನಬಹುದೇ?: ಹಾಗೆ ಹೇಳಲಾಗದು. ಸ್ವೀಡನ್‌ನ ಗೋಥೆನ್‌ಬರ್ಗ್‌ನಲ್ಲಿ 1968ರಿಂದ ಮಧ್ಯವಯಸ್ಸಿನ ಮಹಿಳೆಯರನ್ನು ಸುಮಾರು 35 ವರ್ಷ ಗಮನಿಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಪದೇ ಪದೇ ಒತ್ತಡ ಅನುಭವಿಸಿದ್ದಾಗಿ ಹೇಳಿದವರಲ್ಲಿ ಮುಂದೆ ಮರೆವಿನ ಕಾಯಿಲೆ ಹೆಚ್ಚಾಗಿ ಕಂಡಿತು. ಇದು ನಂಟನ್ನು ತೋರಿಸುತ್ತದೆಯೇ ಹೊರತು ಒತ್ತಡವೊಂದೇ ಕಾರಣ ಎಂಬುದನ್ನು ಸಾಬೀತುಪಡಿಸುವುದಿಲ್ಲ.

ಲ್ಯಾನ್ಸೆಟ್ ಆಯೋಗ 2024ರಲ್ಲಿ ಬದಲಾಯಿಸಬಹುದಾದ 14 ಅಪಾಯಕಾರಿ ಅಂಶಗಳನ್ನು ಪಟ್ಟಿ ಮಾಡಿದೆ. ಇವನ್ನೆಲ್ಲ ನಿಭಾಯಿಸಿದರೆ ಸುಮಾರು 45% ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅದರ ಅಂದಾಜು. ಪಟ್ಟಿಯಲ್ಲಿ ಒತ್ತಡದ ಹೆಸರು ಪ್ರತ್ಯೇಕವಾಗಿಲ್ಲ. ಆದರೆ ಖಿನ್ನತೆ, ಒಂಟಿತನ, ಅಧಿಕ ರಕ್ತದೊತ್ತಡ, ಮಧುಮೇಹ, ಧೂಮಪಾನ, ಅತಿಯಾದ ಮದ್ಯಪಾನ, ವ್ಯಾಯಾಮದ ಕೊರತೆ ಇವೆ. ಒತ್ತಡದ ಬದುಕು ಕೊನೆಗೆ ಬಂದು ನಿಲ್ಲುವುದು ಬಹುಪಾಲು ಇಲ್ಲಿಯೇ.

ರೋಗಿಗಿಂತ ಹೆಚ್ಚು ಬಳಲುವವರು: ಭಾರತದಲ್ಲಿ 60 ವರ್ಷ ದಾಟಿದವರಲ್ಲಿ 7.4% ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಮರೆವಿನ ಕಾಯಿಲೆಯಿದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನ ಅಂದಾಜಿಸಿದೆ. ಇವರಲ್ಲಿ ಹೆಚ್ಚಿನವರ ಆರೈಕೆ ನಡೆಯುವುದು ಮನೆಯಲ್ಲೇ, ಅದೂ ಹೆಂಡತಿ, ಮಗಳು ಅಥವಾ ಸೊಸೆಯ ಕೈಯಲ್ಲಿ.

ಅಮೆರಿಕದ ಓಹಿಯೋದಲ್ಲಿ ಮರೆವಿನ ಕಾಯಿಲೆಯ ಸಂಗಾತಿಯನ್ನು ನೋಡಿಕೊಳ್ಳುತ್ತಿದ್ದ ಹಿರಿಯರನ್ನು ಆರು ವರ್ಷ ಪರೀಕ್ಷಿಸಲಾಗಿತ್ತು. ಉರಿಯೂತದ ಸೂಚಕವಾದ ಇಂಟರ್‌ಲ್ಯೂಕಿನ್-6 ಇವರ ರಕ್ತದಲ್ಲಿ ಇತರರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಏರಿತ್ತು ಎಂದು 2003ರಲ್ಲಿ ವರದಿಯಾಯಿತು. ಅಪ್ಪನಿಗೆ ಮಾತ್ರೆ ಕೊಡುವ ಅಮ್ಮನ ಬಿಪಿ, ನಿದ್ದೆ, ಮನಸ್ಸಿನ ಬಗ್ಗೆಯೂ ಯಾರಾದರೂ ವಿಚಾರಿಸಬೇಕು ಎನ್ನುವುದು ಇದಕ್ಕೇ. ವಾರಕ್ಕೊಂದು ದಿನವಾದರೂ ಮಕ್ಕಳು ಸರದಿಯಲ್ಲಿ ಆರೈಕೆಯ ಹೊಣೆ ಹೊತ್ತರೆ ಅವರಿಗೆ ಬಿಡುವು ಸಿಗುತ್ತದೆ.

ಹೈದರಾಬಾದ್, ಕೋಲಾರದ ಅಧ್ಯಯನಗಳು: ಡಾ. ಸುವರ್ಣಾ ಅಲ್ಲಾಡಿ ನೇತೃತ್ವದ ತಂಡ ಹೈದರಾಬಾದ್‌ನ ನಿಮ್ಸ್ ಆಸ್ಪತ್ರೆಯಲ್ಲಿ 648 ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ವರದಿ ಪ್ರಕಟಿಸಿತ್ತು. ಎರಡು ಅಥವಾ ಹೆಚ್ಚು ಭಾಷೆ ಮಾತನಾಡುವವರಲ್ಲಿ ಮರೆವಿನ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿತ್ತು. ಓದು ಬರಹ ಬಾರದವರಲ್ಲಿಯೂ ಈ ವ್ಯತ್ಯಾಸ ಕಂಡಿತ್ತು. ಮಿದುಳಿಗೆ ಕೆಲಸ ಕೊಡುತ್ತಿದ್ದರೆ ಅದು ಹಾನಿಯನ್ನು ಹೆಚ್ಚು ಕಾಲ ತಾಳಿಕೊಳ್ಳುತ್ತದೆ ಎಂಬ ವಾದಕ್ಕೆ ಈ ಅಧ್ಯಯನವನ್ನು ಆಧಾರವಾಗಿ ನೀಡಲಾಗುತ್ತದೆ. ಅವರು ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದಾರೆ. ಇನ್ನೊಂದೆಡೆ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ 45 ವರ್ಷ ದಾಟಿದ ಗ್ರಾಮಸ್ಥರ ಮಿದುಳಿನ ಆರೋಗ್ಯದ ಮೇಲೆ ಐಐಎಸ್‌ಸಿಯ ಮಿದುಳು ಸಂಶೋಧನಾ ಕೇಂದ್ರ ದೀರ್ಘಾವಧಿ ಅಧ್ಯಯನ ನಡೆಸುತ್ತಿದೆ.

ಮಾತ್ರೆ ನುಂಗಿದರೆ ಸಾಲದು: ಉರಿಯೂತವೇ ಸಮಸ್ಯೆಯಾದರೆ ಉರಿಯೂತ ಶಮನದ ನೋವಿನ ಮಾತ್ರೆ ಸಾಕಲ್ಲವೇ ಎಂದು ಕೇಳಬಹುದು. ನಾಪ್ರೊಕ್ಸೆನ್, ಸೆಲೆಕಾಕ್ಸಿಬ್ ಔಷಧಿಗಳನ್ನು ಅಮೆರಿಕದಲ್ಲಿ 2,500ಕ್ಕೂ ಹೆಚ್ಚು ಹಿರಿಯರ ಮೇಲೆ ಪ್ರಯೋಗಿಸಿದರೂ ಆಲ್ಝೈಮರ್ಸ್ ತಡೆಯಲಾಗಲಿಲ್ಲ. ಹೃದಯದ ಸುರಕ್ಷತೆಯ ಕಳವಳದಿಂದ 2004ರಲ್ಲಿ ಔಷಧಿ ನೀಡುವುದನ್ನೇ ನಿಲ್ಲಿಸಲಾಯಿತು. ಆದ್ದರಿಂದ ಸ್ವಂತವಾಗಿ ಇಂತಹ ಮಾತ್ರೆ ತೆಗೆದುಕೊಳ್ಳಬೇಡಿ.

ನೀವು ಮಾಡಬಹುದಾದದ್ದು:
* ದಿನಕ್ಕೆ ಏಳರಿಂದ ಎಂಟು ಗಂಟೆ ನಿದ್ದೆ ಮಾಡಿ. ರಾತ್ರಿ ಪಾಳಿಯಿದ್ದರೆ ಹಗಲಿನ ನಿದ್ದೆಗೆ ನಿಗದಿತ ಸಮಯ, ಕತ್ತಲೆ ಕೋಣೆ ಇರಲಿ.
* ವಾರದಲ್ಲಿ ಐದು ದಿನ ಅರ್ಧ ಗಂಟೆ ಚುರುಕಾಗಿ ನಡೆಯಿರಿ.
* ಬಿಪಿ, ಸಕ್ಕರೆ ಕಾಯಿಲೆ, ಕಿವಿ ಮಂದವಾಗಿರುವುದನ್ನು ನಿರ್ಲಕ್ಷಿಸಬೇಡಿ.
* ಊರಿನಲ್ಲಿರುವ ಹಿರಿಯರಿಗೆ ನಿತ್ಯ ಫೋನ್ ಮಾಡಿ. ಒಂಟಿತನವೂ ಅಪಾಯದ ಪಟ್ಟಿಯಲ್ಲಿದೆ.

ವೈದ್ಯರನ್ನು ಯಾವಾಗ ಕಾಣಬೇಕು?: ಕೀಲಿ ಎಲ್ಲಿಟ್ಟೆ ಎಂಬುದು ಮರೆತರೆ ಗಾಬರಿ ಬೇಡ. ಗೊತ್ತಿರುವ ದಾರಿಯೇ ತಪ್ಪುವುದು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ಹಣದ ಲೆಕ್ಕ ತಪ್ಪುವುದು, ಸ್ವಭಾವ ಬದಲಾಗುವುದು ಕಂಡರೆ ತಡಮಾಡಬೇಡಿ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆಯಿಂದಲೂ ಮರೆವು ಬರುತ್ತದೆ, ಇವಕ್ಕೆ ಚಿಕಿತ್ಸೆಯಿದೆ. ಒತ್ತಡ, ಆತಂಕ ಮಿತಿಮೀರಿದಾಗ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಹಿರಿಯ ನಾಗರಿಕರ ನೆರವಿಗೆ 14567 ಸಹಾಯವಾಣಿಯಿದೆ.

(ಸೂಚನೆ: ಇಲ್ಲಿ ನೀಡಿರುವುದು ಸಾಮಾನ್ಯ ಮಾಹಿತಿ ಮಾತ್ರ. ಯಾವುದೇ ಚಿಕಿತ್ಸೆಗೆ ಮುನ್ನ ವೈದ್ಯರ ಸಲಹೆ ಪಡೆಯಿರಿ.)