ಲಂಕೆಯ ಬೀದಿಯಲ್ಲಿ ತಿಂಡಿ ನಡಿಗೆ

ಕಾಶಿಗೆ ಹೋದವರು ತಮಗೆ ಇಷ್ಟವಾದ ಒಂದು ತಿನಿಸನ್ನು ಅಲ್ಲೇ ಬಿಟ್ಟು ಬರಬೇಕು ಎಂಬ ಪದ್ಧತಿ ನಮ್ಮಲ್ಲಿ ಅನೇಕರ ಮನೆಗಳಲ್ಲಿದೆ. ನನ್ನ ಅಜ್ಜಿ ಹಲಸಿನ ಹಣ್ಣು ಬಿಟ್ಟಿದ್ದರು. ಮನೆಯೆಲ್ಲ ಹಲಸಿನ ಘಮ ತುಂಬಿದ್ದರೂ ಒಂದು ತೊಳೆಯನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ಕೈಗೆ ಎಣ್ಣೆ ಸವರಿಕೊಂಡು ನಮಗೆಲ್ಲ ಬಿಡಿಸಿ ಕೊಡುವವರು ಮಾತ್ರ ಅವರೇ. 2010ರಲ್ಲಿ ನಾನು ಎಂ.ಟೆಕ್. ಓದಲು ಮೈಸೂರಿನಿಂದ ಬನಾರಸ್‌ಗೆ ಹೊರಟಾಗ ಅಜ್ಜಿ ಕೇಳಿದ ಮೊದಲ ಪ್ರಶ್ನೆ, "ಏನು ಬಿಡ್ತೀಯೇ?"

ಎರಡು ವರ್ಷ ಅಲ್ಲಿದ್ದೆ. ಬಿಡುವುದಿರಲಿ, ಹೊಸದಾಗಿ ಹಚ್ಚಿಕೊಂಡು ಬಂದದ್ದೇ ಹೆಚ್ಚು: ಕಚೋರಿ, ಜಲೇಬಿ, ಲಸ್ಸಿ, ಲವಂಗಲತಾ. ಅವೆಲ್ಲ ಸಿಗುತ್ತಿದ್ದದ್ದು ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಹೆಬ್ಬಾಗಿಲ ಎದುರಿನ ಲಂಕಾ ಎಂಬ ಬಡಾವಣೆಯಲ್ಲಿ. ನಾನು ಸೇರಿದಾಗ ನಮ್ಮದು ಐಟಿ, ಓದು ಮುಗಿಯುವ ಹೊತ್ತಿಗೆ, 2012ರಲ್ಲಿ, ಐಐಟಿ ಆಯಿತು. ಅಷ್ಟು ದಿನ ಲಂಕೆಯಲ್ಲಿ ತಿಂದವಳು ಆ ಬೀದಿಯ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಕೇಳುವ ಬುದ್ಧಿ ಬಂದದ್ದು ಜಪಾನಿನಲ್ಲಿ. ಕೆಲವು ವರ್ಷಗಳ ಹಿಂದೆ ಆಫೀಸಿನ ಕೆಲಸಕ್ಕೆ ಒಸಾಕಾಗೆ ಹೋಗಿದ್ದಾಗ, ಗೈಡ್ ಒಬ್ಬರು ಊಟದ ಬೀದಿಗಳಲ್ಲಿ ನಡೆಸಿಕೊಂಡು ಹೋಗಿ ತಿನ್ನಿಸುವ ಪ್ರವಾಸಕ್ಕೆ ಸೇರಿಕೊಂಡೆ. ಸಸ್ಯಾಹಾರಿಯಾದ ನನಗೆ ತಿನ್ನಲು ಸಿಕ್ಕಿದ್ದು ಕಡಿಮೆ. ಅಲ್ಲಿ ಸಾರಿಗೂ ಒಣಮೀನಿನ ರಸವೇ ತಳಹದಿ. ಕೇಳಲು ಸಿಕ್ಕಿದ್ದು ಮಾತ್ರ ಬೇಕಾದಷ್ಟು. ಹೋಜೆಂಜಿ ಎಂಬ ಪುಟ್ಟ ಗುಡಿ, ಪಾಚಿ ಮುಚ್ಚಿದ ಅದರ ಮೂರ್ತಿಗೆ ನೀರೆರಚಿ ಕೈಮುಗಿಯುವ ಜನ, ಪಕ್ಕದಲ್ಲೇ ಕಲ್ಲು ಹಾಸಿದ ಇಕ್ಕಟ್ಟಾದ ಓಣಿ, ಅದರ ತುಂಬ ಸಣ್ಣ ಸಣ್ಣ ಊಟದ ಮನೆಗಳು. ಆ ಓಣಿಯ ಕಥೆಗೆ ಆಮೇಲೆ ಬರುತ್ತೇನೆ. ಅಂದು ಹೋಟೆಲಿಗೆ ಮರಳುವಾಗ ಅನಿಸಿದ್ದು ಇಷ್ಟೇ: ಅಪರಿಚಿತ ಊರಿನ ಬೀದಿಯನ್ನು ದುಡ್ಡು ಕೊಟ್ಟು ತಿಳಿದುಕೊಂಡೆ, ನನ್ನ ಲಂಕೆ ನನಗೆ ಗೊತ್ತೇ?

ಹಾಗಾಗಿ ಈ ಸಲದ ಚಳಿಗಾಲದಲ್ಲಿ ಅಮ್ಮನನ್ನು ಕಾಶಿಗೆ ಕರೆದುಕೊಂಡು ಹೋದಾಗ, ವಿಶ್ವನಾಥನ ದರ್ಶನವಾದ ಮರುದಿನ ಲಂಕೆಯಲ್ಲಿ ಅಂಥದೇ ಒಂದು ನಡಿಗೆ ಗೊತ್ತುಮಾಡಿದೆ. ಗೈಡ್ ಆಗಿ ಬಂದವಳು ಇತಿಹಾಸದಲ್ಲಿ ಸಂಶೋಧನೆ ಮಾಡುತ್ತಿರುವ ಹುಡುಗಿ. ಬೆಳಿಗ್ಗೆ ಏಳು ಗಂಟೆ, ಹತ್ತು ಹೆಜ್ಜೆ ಆಚೆ ಏನೂ ಕಾಣದಷ್ಟು ಮಂಜು. "ತಿಂಡಿ ತಿನ್ನೋಕೆ ಗೈಡ್ ಬೇರೆ ಬೇಕಾ?" ಎಂದು ಅಮ್ಮ ಶಾಲು ಬಿಗಿಮಾಡಿಕೊಂಡರು.

ಸಿಂಹದ್ವಾರದ ಎದುರು ಮಾಳವೀಯರ ಪ್ರತಿಮೆಯ ಬಳಿ ಹುಡುಗಿ ಮಾತು ಶುರುಮಾಡಿದಳು. ಕಾಶಿಯಲ್ಲಿ ಲಂಕೆ ಎಲ್ಲಿಂದ ಬಂತು? ತುಳಸೀದಾಸರೇ ಆರಂಭಿಸಿದ್ದೆಂದು ನಂಬುವ ಅಸ್ಸಿಯ ರಾಮಲೀಲೆ ಒಂದೇ ರಂಗಮಂಚದ ಮೇಲೆ ನಡೆಯುವುದಿಲ್ಲ. ಒಂದೊಂದು ಪ್ರಸಂಗಕ್ಕೆ ಒಂದೊಂದು ಜಾಗ. ರಾವಣನ ರಾಜ್ಯಕ್ಕೆ ಊರಾಚೆಯ ಈ ಬಯಲು. ಆಟದಲ್ಲಿ ಲಂಕೆಯಾದದ್ದು ಬಾಯಿಮಾತಿನಲ್ಲೂ ಲಂಕೆಯಾಗಿಯೇ ಉಳಿಯಿತು ಎನ್ನುತ್ತಾರೆ. ನದಿಯಾಚೆಯ ರಾಮನಗರದ ರಾಮಲೀಲೆಗೂ ಅದರದೇ ಆದ ಒಂದು ಲಂಕೆ ಇದೆ.

ಆ ಬಯಲಿನ ಹಣೆಬರಹ ಬದಲಾದದ್ದು 1916ರ ಫೆಬ್ರವರಿ 4ರಂದು, ವಸಂತ ಪಂಚಮಿಯ ದಿನ, ವಿಶ್ವವಿದ್ಯಾಲಯಕ್ಕೆ ಅಡಿಗಲ್ಲು ಬಿದ್ದಾಗ. ಕಾಶಿಯ ಮಹಾರಾಜರು ಸುಮಾರು 1300 ಎಕರೆ ಜಾಗ ಕೊಟ್ಟರು. ದೇಶದ ಮೂಲೆಮೂಲೆಯಿಂದ ಮನೆ ಬಿಟ್ಟ ಹುಡುಗರು ಬಂದರು; 1919ರಲ್ಲಿ ಎಂಜಿನಿಯರಿಂಗ್ ಕಾಲೇಜು, 1929ರಲ್ಲಿ ಮಹಿಳಾ ಮಹಾವಿದ್ಯಾಲಯ ಶುರುವಾದವು. ಹಾಸ್ಟೆಲಿನ ಊಟ ಯಾವ ಕಾಲದಲ್ಲಿ ಯಾರಿಗೆ ಸಾಕಾಗಿದೆ? ಹೆಬ್ಬಾಗಿಲ ಹೊರಗೆ ಬಾಣಲೆಗಳು ಏರಿದವು. ಒಳಗೆ ವಿದ್ಯೆ, ಹೊರಗೆ ತಿಂಡಿ, ಎರಡೂ ಜೊತೆಜೊತೆಗೆ ಬೆಳೆದವು.

ಆಗ ಹುಡುಗಿ ಅಮ್ಮನನ್ನು ಕೇಳಿದಳು, "ಮಾತಾಜೀ, ನೀವು ಎಲ್ಲಿಯವರು?" ಮೈಸೂರು ಎಂದ ತಕ್ಷಣ ಅವಳ ಮುಖ ಅರಳಿತು. "ಈ ವಿಶ್ವವಿದ್ಯಾಲಯದ ಮೊದಲ ಕುಲಾಧಿಪತಿ ನಿಮ್ಮ ಮಹಾರಾಜರೇ!" ಹೌದು, ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರ್. ಅದೇ 1916ರ ಜುಲೈನಲ್ಲಿ ಅವರು ಮೈಸೂರು ವಿಶ್ವವಿದ್ಯಾಲಯವನ್ನೂ ಸ್ಥಾಪಿಸಿದರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದ್ದ ಡಾ. ರಾಧಾಕೃಷ್ಣನ್ 1939ರಿಂದ 1948ರವರೆಗೆ ಇಲ್ಲಿ ಕುಲಪತಿಗಳು. ಮೈಸೂರು ವಿಶ್ವವಿದ್ಯಾಲಯದಲ್ಲಿ ಬಿ.ಎಸ್ಸಿ. ಮುಗಿಸಿದ ಸಿ.ಎನ್.ಆರ್. ರಾವ್ ಎಂ.ಎಸ್ಸಿ.ಗೆ ಬಂದದ್ದೂ ಇಲ್ಲಿಗೇ. ಎರಡು ವರ್ಷ ಆ ಬಾಗಿಲಲ್ಲಿ ಓಡಾಡಿದ ನನಗೆ ಇದನ್ನು ಹೇಳಲು ಗೈಡ್ ಬೇಕಾಯಿತು. ಅಮ್ಮ ನನ್ನತ್ತ ನೋಡಿದ ನೋಟ ಈಗಲೂ ನೆನಪಿದೆ.

ಮೊದಲು ತಿಂದದ್ದು ಮಲೈಯೋ. ಕಾಯಿಸಿದ ಹಾಲನ್ನು ಚಳಿಗಾಲದ ರಾತ್ರಿ ಬಯಲಲ್ಲಿ ಇಬ್ಬನಿಗೆ ಇಟ್ಟು, ಬೆಳಗಿನ ಜಾವ ಕಡೆದು, ಮೇಲೆ ಬಂದ ನೊರೆಗೆ ಕೇಸರಿ, ಏಲಕ್ಕಿ ಸೇರಿಸಿ ಮಣ್ಣಿನ ಕುಡಿಕೆಯಲ್ಲಿ ಕೊಡುತ್ತಾರೆ. ಬಾಯಿಗಿಟ್ಟರೆ ಏನೂ ಇಲ್ಲ, ಪರಿಮಳ ಮಾತ್ರ. ಬಿಸಿಲೇರಿದರೆ ನೊರೆ ಇಳಿದುಹೋಗುತ್ತದೆ, ಬೇಸಿಗೆಯಲ್ಲಂತೂ ಸಿಗುವುದೇ ಇಲ್ಲ.

ಆಮೇಲೆ ಕಚೋರಿ, ಆಲೂ ಪಲ್ಯ, ಬಿಸಿ ಜಲೇಬಿ. ಕಾಶಿಯಲ್ಲಿ ಎಲ್ಲವೂ ಪುರಾತನ ಎಂದು ನಂಬಿದ್ದ ನಮಗೆ ಹುಡುಗಿ ದೊನ್ನೆ ತೋರಿಸಿ ಪಾಠ ಹೇಳಿದಳು. ಆಲೂಗಡ್ಡೆ, ಹಸಿಮೆಣಸಿನಕಾಯಿ, ಕಾಶಿಯ ಹೆಮ್ಮೆಯ ಟಮಾಟರ್ ಚಾಟ್‌ನ ಟೊಮೆಟೊ, ಮೂರರದೂ ಮೂಲ ಅಮೆರಿಕ ಖಂಡ. ಪೋರ್ಚುಗೀಸರು ಬಂದ ಮೇಲೆ ನಮ್ಮ ದೇಶಕ್ಕೆ ಬಂದವು. ನಿಜವಾಗಿ ಹಳೆಯದು ಕಚೋರಿಯೊಳಗೆ ತುಂಬಿದ ಉದ್ದಿನ ಹೂರಣ. ಈಗ ನನ್ನ ಸರದಿ ಬಂತು. 12ನೆಯ ಶತಮಾನದಲ್ಲಿ ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಉದ್ದಿನ ಹಿಟ್ಟಿನ 'ಇಡ್ಡರಿಕಾ' ಎಂಬ ತಿಂಡಿಯ ವಿವರ ಇದೆ ಎಂದೆ. ಕೊಳ್ಳೇಗಾಲದಲ್ಲಿ ಹುಟ್ಟಿದ ಆಹಾರ ಇತಿಹಾಸಕಾರ ಕೆ.ಟಿ. ಅಚ್ಚಯ್ಯನವರ ಪುಸ್ತಕದಲ್ಲಿ ಓದಿದ್ದು. "ಹಾಗಾದರೆ ಇಡ್ಲಿ, ವಡೆ, ಕಚೋರಿ ಎಲ್ಲ ನೆಂಟರೇ ಅನ್ನು" ಎಂದು ಅಮ್ಮ ತೀರ್ಪು ಕೊಟ್ಟರು.

ರವಿದಾಸ್ ಗೇಟ್ ಹತ್ತಿರ ಬರುತ್ತಿದ್ದಂತೆ ನನ್ನ ಕಾಲು ತಾನಾಗಿ ನಿಧಾನವಾಯಿತು. ಇಲ್ಲೇ ಇತ್ತು 'ಚಾಚಿ ಕೀ ದುಕಾನ್'. ಚಾಚಿ ಎಂದರೆ ನಮ್ಮ ಚಿಕ್ಕಮ್ಮ. ನಾನು ಓದುವಾಗ ಸೀನಿಯರ್‌ಗಳು ಹೇಳುತ್ತಿದ್ದರು: ಚಾಚಿ ಕಚೋರಿಯ ಜೊತೆ ಬೈಗುಳವನ್ನೂ ಬಡಿಸುತ್ತಿದ್ದರಂತೆ. ವಿದ್ಯಾರ್ಥಿಯಾಗಲಿ, ದೊಡ್ಡ ಮನುಷ್ಯನಾಗಲಿ, ಎಲ್ಲರಿಗೂ ಒಂದೇ ಬಗೆಯ ಬೈಗುಳ. ಪರೀಕ್ಷೆಗೆ ಮುಂಚೆ ಬೈಸಿಕೊಂಡು ಹೋದರೆ ಒಳ್ಳೆಯದಾಗುತ್ತದೆ ಎಂದು ನಂಬುವವರೂ ಇದ್ದರು. ಬೈಗುಳವೆಂದರೆ ಕಿವಿ ಮುಚ್ಚಿಕೊಳ್ಳಬೇಕಾದ ಬೈಗುಳ. ಆದರೂ ಜನ ಅದನ್ನು ಆಶೀರ್ವಾದದಂತೆ ಸ್ವೀಕರಿಸುತ್ತಿದ್ದರು. ಅಲ್ಲೇ ಹತ್ತಿರ 'ಪಹಲ್ವಾನ್ ಲಸ್ಸಿ'. ಪಹಲ್ವಾನ್ ಎಂದರೆ ಕುಸ್ತಿ ಪಟು. ಮೈಸೂರಿನ ಗರಡಿಮನೆಗಳಂತೆ ಬನಾರಸಿನ ಅಖಾಡಗಳಿಗೂ ಹಾಲು, ಬಾದಾಮಿ, ಕೆನೆಯ ಪರಂಪರೆ ಇದೆ. ಕುಡಿಕೆಯ ಲಸ್ಸಿಯ ಮೇಲೆ ರಬ್ಡಿ, ಅದರ ಮೇಲೆ ಕೆನೆ. ಒಂದು ಕುಡಿದರೆ ಮಧ್ಯಾಹ್ನದ ಊಟ ಬೇಡ.

2025ರ ಜೂನ್‌ನಲ್ಲಿ ರಸ್ತೆಯನ್ನು ನಾಲ್ಕು ಪಥಕ್ಕೆ ಅಗಲ ಮಾಡುವ ಕೆಲಸದಲ್ಲಿ ಈ ಎರಡೂ ಅಂಗಡಿಗಳನ್ನೂ ಸುತ್ತಲಿನ ಇನ್ನೂ ಹಲವನ್ನೂ ಕೆಡವಲಾಯಿತು. ಚಾಚಿಯ ಅಂಗಡಿಗೆ ನೂರು ವರ್ಷ, ಲಸ್ಸಿಯ ಅಂಗಡಿಗೆ ಮುಕ್ಕಾಲು ಶತಮಾನ ಎಂದು ಆಗ ಪತ್ರಿಕೆಗಳು ಬರೆದವು. ನಾನು ಆ ವಿಡಿಯೊ ನೋಡಿದ್ದು ಆಫೀಸಿನ ಕ್ಯಾಂಟೀನಿನಲ್ಲಿ, ಫೋನಿನ ಮೇಲೆ. ಜೆಸಿಬಿಯ ಕೈ ಗೋಡೆಗೆ ತಾಗಿದಾಗ ಕೈಯಲ್ಲಿದ್ದ ಕಾಫಿ ಹಾಗೇ ಉಳಿಯಿತು.

ರಸ್ತೆ ಬೇಡವೆನ್ನುವ ಹಕ್ಕು ನನಗಿಲ್ಲ. ಆ ರಸ್ತೆಯಲ್ಲೇ ವಿಶ್ವವಿದ್ಯಾಲಯದ ದೊಡ್ಡಾಸ್ಪತ್ರೆಗೆ ಆಂಬುಲೆನ್ಸ್‌ಗಳು ಬರುತ್ತವೆ. ಅವು ಜನಜಂಗುಳಿಯಲ್ಲಿ ಸಿಕ್ಕಿಕೊಂಡು ಕೂಗುವುದನ್ನು ನಾನೇ ಕಂಡಿದ್ದೇನೆ. ಆದರೆ ಒಸಾಕಾದ ಆ ಓಣಿ ನೆನಪಾಗದೆ ಇರಲಿಲ್ಲ. 2002ರಲ್ಲಿ ಒಮ್ಮೆ, 2003ರಲ್ಲಿ ಮತ್ತೊಮ್ಮೆ ಅಲ್ಲಿ ಬೆಂಕಿ ಬಿದ್ದು ಹಲವು ಊಟದ ಮನೆಗಳು ಸುಟ್ಟುಹೋದವು. ಮತ್ತೆ ಕಟ್ಟುವುದಾದರೆ ಕಾನೂನಿನ ಪ್ರಕಾರ ದಾರಿ 4 ಮೀಟರ್ ಅಗಲವಿರಬೇಕು. ಹಾಗೆ ಮಾಡಿದರೆ ಓಣಿ ಓಣಿಯಾಗಿ ಉಳಿಯುವುದಿಲ್ಲ ಎಂದು ಲಕ್ಷಾಂತರ ಜನ ಸಹಿ ಹಾಕಿದರು. ಕೊನೆಗೆ ಕಾನೂನಿನಲ್ಲೇ ಇದ್ದ ಒಂದು ವಿಶೇಷ ಅವಕಾಶ ಬಳಸಿ, ಬೆಂಕಿಯಿಂದ ರಕ್ಷಣೆಯ ಏರ್ಪಾಡು ಬಿಗಿ ಮಾಡಿ, ದಾರಿಯನ್ನು 2.7 ಮೀಟರ್‌ಗೇ ಉಳಿಸಿಕೊಂಡರು. ಓಣಿಯ ಇಕ್ಕಟ್ಟೂ ಉಳಿಸಿಕೊಳ್ಳಬೇಕಾದ ಆಸ್ತಿ ಎಂದು ಅವರಿಗೆ ಹೊಳೆದಿತ್ತು. ಲಂಕೆಗೆ ಅದೇ ಉತ್ತರ ಸರಿಹೋಗುತ್ತಿತ್ತು ಎಂದಲ್ಲ. ಕೆಡವುವ ಮೊದಲು ಏನಿತ್ತು ಎಂದು ಬರೆದಿಡುವವರಾದರೂ ಬೇಕಲ್ಲವೇ? ಅಂಗಡಿ ಬೇರೆ ಕಡೆ ತೆರೆಯಬಹುದು, ಅದೇ ಕೈ ಅದೇ ಕಚೋರಿ ಕರಿಯಬಹುದು. ನಾಲ್ಕು ತಲೆಮಾರು ಒಂದೇ ಕಟ್ಟೆಯ ಮೇಲೆ ಕೂತು ತಿಂದ ಆ ಜಾಗ ಮಾತ್ರ ಮತ್ತೆ ಸಿಗುವುದಿಲ್ಲ.

ಅಲ್ಲಿ ನಿಂತಾಗ ಅಮ್ಮ ಸುಮ್ಮನೆ ಕೇಳಿದರು, "ಆ ಚಾಚಿಯ ಹೆಸರೇನಂತೆ?" ನಾನು ತಬ್ಬಿಬ್ಬಾದೆ. ಮಾಳವೀಯರಿಗೆ ಪ್ರತಿಮೆ ಇದೆ, ಮಹಾರಾಜರ ಹೆಸರು ದಾಖಲೆಯಲ್ಲಿದೆ. ಅಷ್ಟೊಂದು ಮಕ್ಕಳ ಹೊಟ್ಟೆ ತುಂಬಿಸಿದ ಹೆಂಗಸನ್ನು ನಾವೆಲ್ಲ ಚಾಚಿ ಎಂದೆವೇ ಹೊರತು, ಹೆಸರು ಕೇಳಬೇಕೆಂದು ಅನಿಸಲೇ ಇಲ್ಲ.

ಸಂಜೆ ನಾವಿಬ್ಬರೇ ಮತ್ತೆ ಲಂಕೆಗೆ ಬಂದೆವು, ಪಾನ್ ಹಾಕಿಕೊಳ್ಳಲು. ಬನಾರಸಿ ಪಾನ್‌ಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ನಮ್ಮ ಮೈಸೂರು ವೀಳ್ಯದೆಲೆಗೆ ಅದಕ್ಕೂ ಬಹಳ ಮೊದಲೇ ಸಿಕ್ಕಿತ್ತು ಎಂದು ಅಮ್ಮನಿಗೆ ಹೇಳಿದೆ. ಸಿಂಹದ್ವಾರದ ಮುಂದೆ ಹುಡುಗಿಯರು ಗುಂಪುಗುಂಪಾಗಿ ಚಾಟ್ ತಿನ್ನುತ್ತಿದ್ದರು. 2017ರ ಸೆಪ್ಟೆಂಬರ್‌ನಲ್ಲಿ ಇದೇ ಬಾಗಿಲಲ್ಲಿ ವಿದ್ಯಾರ್ಥಿನಿಯರು ಹಗಲಿರುಳು ಧರಣಿ ಕೂತಿದ್ದರು: ನಮಗೆ ಸುರಕ್ಷತೆ ಬೇಕು, ಹುಡುಗರಿಗೊಂದು ನಮಗೊಂದು ನಿಯಮ ಬೇಡ ಎಂದು. ಸಂಜೆಯ ಹೊತ್ತು ಬೀದಿಯಲ್ಲಿ ನಿಂತು ನಿಶ್ಚಿಂತೆಯಿಂದ ತಿನ್ನುವುದೂ ಹೆಣ್ಣುಮಕ್ಕಳಿಗೆ ಸುಮ್ಮನೆ ಸಿಕ್ಕಿದ್ದಲ್ಲ. ಊಟದ ಬೀದಿಯ ಇತಿಹಾಸದಲ್ಲಿ ಇದೂ ಒಂದು ಪುಟ.

ಪಾನ್ ಬಾಯಲ್ಲಿಟ್ಟುಕೊಂಡು ಅಮ್ಮ ಅಜ್ಜಿಯ ಪ್ರಶ್ನೆಯನ್ನೇ ಕೇಳಿದರು, "ಏನೇ ಬಿಟ್ಟೆ ಈ ಸಲ?" ಉತ್ತರ ಸಿದ್ಧವಾಗಿತ್ತು. ಯಾರು ಮಾಡಿದ್ದು, ಎಲ್ಲಿಂದ ಬಂದದ್ದು ಎಂದು ಕೇಳದೆ ತಿನ್ನುವ ಅಭ್ಯಾಸ ಬಿಟ್ಟೆ.

ಗೆಳತಿಯರೇ, ನಿಮ್ಮೂರಿನ ಬೀದಿಯಲ್ಲೂ ಒಬ್ಬ ಚಾಚಿ ಇದ್ದೇ ಇರುತ್ತಾರೆ. ಬೋಂಡ ಕರಿಯುವ ಅಕ್ಕ, ಹೂವಿನ ಪಕ್ಕದಲ್ಲಿ ಕಡಲೆಕಾಯಿ ಮಾರುವ ಅಜ್ಜಿ, ಕಾಲೇಜಿನ ಗೇಟಿನ ಎದುರು ಚುರುಮುರಿ ಕಲಸಿ ಕೊಡುತ್ತಿದ್ದ ಅತ್ತೆ. ಮುಂದಿನ ಸಲ ಊರಿಗೆ ಹೋದಾಗ ಅವರ ಹತ್ತಿರ ಹೋಗಿ ತಿನ್ನಿ, ಹೆಸರು ಕೇಳಿ, ಎಷ್ಟು ವರ್ಷದಿಂದ ಇಲ್ಲಿದ್ದೀರಿ ಎಂದು ಕೇಳಿ, ನಾಲ್ಕು ಸಾಲು ಬರೆದಿಡಿ. ರಸ್ತೆ ಅಗಲವಾಗುವ ಮೊದಲೇ ಬರೆದಿಡಿ.