ಕವಾಯತಿನ ಮೈದಾನಕ್ಕೆ ಬಂದ ವಿಡಿಯೋ ಗೇಮ್

ಮಾರುಕಟ್ಟೆಯ ವಿಡಿಯೋ ಗೇಮ್‌ಗಳನ್ನು ತಿದ್ದಿ ಸೈನಿಕರ ತರಬೇತಿಗೆ ಬಳಸುವ ಪ್ರಯತ್ನಕ್ಕೆ ನಾಲ್ಕು ದಶಕ ದಾಟಿದೆ. ಆಟದಿಂದ ಏನನ್ನು ಕಿತ್ತುಹಾಕಿದರು, ಅದಕ್ಕೆ ಏನನ್ನು ಸೇರಿಸಿದರು ಎಂದು ನೋಡುತ್ತ ಹೋದರೆ ಈ ಕ್ಷೇತ್ರ ಬೆಳೆದ ಬಗೆ ತಿಳಿಯುತ್ತದೆ.

ಮೊದಲ ಹೆಜ್ಜೆ ಅಟಾರಿ ಕಂಪನಿಯದು. 1980ರಲ್ಲಿ ಬಂದ ‘ಬ್ಯಾಟಲ್‌ಝೋನ್’ ಬರೀ ಗೆರೆಗಳಲ್ಲೇ ಟ್ಯಾಂಕ್ ಕಾಳಗ ತೋರಿಸುತ್ತಿತ್ತು. ಬ್ರಾಡ್ಲಿ ಯುದ್ಧವಾಹನದ ಗನ್ನರ್‌ಗಳಿಗಾಗಿ ಅದನ್ನು ಮಾರ್ಪಡಿಸಿಕೊಡಿ ಎಂಬ ಬೇಡಿಕೆ ಅಮೆರಿಕದ ಸೇನಾ ವಲಯದಿಂದ ಬಂತು. ಆಟ ರೂಪಿಸಿದ ಎಡ್ ರಾಟ್‌ಬರ್ಗ್‌ಗೆ ಸೇನೆಯ ಕೆಲಸ ಇಷ್ಟವಿರಲಿಲ್ಲ, ಆದರೂ ಮಾಡಿಕೊಟ್ಟರು. ಕಂಡದ್ದಕ್ಕೆಲ್ಲ ಗುಂಡು ಹಾರಿಸುವ ಆಟದೊಳಗೆ ಈಗ ಸ್ವಪಕ್ಷದ ವಾಹನಗಳೂ ಬಂದವು. ಶತ್ರು ಯಾರು, ಮಿತ್ರ ಯಾರು ಎಂದು ಗುರುತಿಸುವುದೇ ಪಾಠವಾಯಿತು. ಯೋಜನೆ ಮಾತ್ರ ಮಾದರಿ ಯಂತ್ರಗಳಾಚೆಗೆ ಬೆಳೆಯಲಿಲ್ಲ.

ಎರಡನೆಯ ತಿರುವು 1996ರ ‘ಮರೀನ್ ಡೂಮ್’. ಶೀತಲ ಸಮರ ಮುಗಿದು ರಕ್ಷಣಾ ಬಜೆಟ್ ಕುಗ್ಗಿದ್ದ ಕಾಲ ಅದು. ವಿಶೇಷ ಸಿಮ್ಯುಲೇಟರ್‌ಗಳಾದರೋ ಬಲು ದುಬಾರಿ. ಇತ್ತ ‘ಡೂಮ್’ ಸರಣಿಯ ತಯಾರಕರು ಆಟಗಾರರೇ ಹೊಸ ನಕ್ಷೆ, ಹೊಸ ಪಾತ್ರ ಸೇರಿಸಿಕೊಳ್ಳಲು ಅವಕಾಶ ಬಿಟ್ಟಿದ್ದರು. ವರ್ಜೀನಿಯಾದ ಕ್ವಾಂಟಿಕೊದಲ್ಲಿ ಅಮೆರಿಕದ ಮರೀನ್ ಪಡೆಯವರು ‘ಡೂಮ್-2’ರ ರಾಕ್ಷಸರನ್ನು ತೆಗೆದು ಸೈನಿಕರನ್ನು ತಂದರು, ಕಾಲ್ಪನಿಕ ಆಯುಧಗಳ ಜಾಗದಲ್ಲಿ ನಿಜವಾದ ರೈಫಲ್‌ಗಳನ್ನಿಟ್ಟರು. ನಾಲ್ವರ ತುಕಡಿ ಒಂದೇ ಜಾಲದಲ್ಲಿ ಆಡಬೇಕಿತ್ತು. ಗುರಿಯಿಟ್ಟು ಹೊಡೆಯುವುದಕ್ಕಿಂತ ಮಾತುಕತೆ, ಹೊಂದಾಣಿಕೆ, ಚುರುಕು ನಿರ್ಧಾರಗಳೇ ಇಲ್ಲಿ ಮುಖ್ಯ. ಮರುವರ್ಷ ಪಡೆಯ ಮುಖ್ಯಸ್ಥ ಜನರಲ್ ಚಾರ್ಲ್ಸ್ ಕ್ರುಲಾಕ್ ಇಂಥ ಅಭ್ಯಾಸಕ್ಕೆ ಅಧಿಕೃತ ಆದೇಶದ ಬೆಂಬಲವನ್ನೇ ಕೊಟ್ಟರು.

ನಿಜವಾದ ಜಿಗಿತ ಬಂದದ್ದು ಜೆಕ್ ಕಂಪನಿ ಬೊಹೀಮಿಯಾ ಇಂಟರ್‌ಆ್ಯಕ್ಟಿವ್‌ನ ‘ಆಪರೇಷನ್ ಫ್ಲಾಶ್‌ಪಾಯಿಂಟ್’ (2001) ಆಟದಿಂದ. ‘ಡೂಮ್’ನ ಇಕ್ಕಟ್ಟಾದ ಓಣಿಗಳ ಬದಲು ವಿಶಾಲ ಬಯಲು, ವಾಹನಗಳು, ಜೊತೆಗೆ ಸನ್ನಿವೇಶ ಕಟ್ಟುವ ಸಲಕರಣೆಯೂ ಅದರಲ್ಲಿತ್ತು. ಇರಾಕ್‌ನಲ್ಲಿ ಅಮೆರಿಕದ ಸೇನಾ ವಾಹನಗಳ ಸಾಲಿನ ಮೇಲೆ ಹೊಂಚುದಾಳಿ ಹೆಚ್ಚಿದಾಗ, ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾದ ಹಣದಲ್ಲಿ ಬಿಬಿಎನ್ ಸಂಸ್ಥೆ ಇದನ್ನೇ ತಿದ್ದಿ ‘ಡಾರ್‌ವಾರ್ಸ್ ಆ್ಯಂಬುಷ್’ ತಯಾರಿಸಿತು. ಹೊಸ ಸನ್ನಿವೇಶಗಳನ್ನು ತರಬೇತುದಾರರೇ ಕಟ್ಟಬಹುದಿತ್ತು. ಶತ್ರು ತಂತ್ರ ಬದಲಿಸಿದರೆ ಪಾಠವೂ ಬೇಗ ಬದಲಾಗುತ್ತಿತ್ತು. ಆಟ ಮುಗಿದ ಮೇಲೆ ಎಲ್ಲರೂ ಕುಳಿತು ಎಲ್ಲಿ ಎಡವಿದೆವು ಎಂದು ವಿಮರ್ಶಿಸುವುದು ತರಬೇತಿಯ ಅವಿಭಾಜ್ಯ ಅಂಗವಾಯಿತು. ಬೊಹೀಮಿಯಾ ತಾನೂ ‘ವಿಬಿಎಸ್’ ಎಂಬ ಸೇನಾ ಆವೃತ್ತಿ ಹೊರತಂದಿತು. ‘ವಿಬಿಎಸ್-2’ ಅನ್ನು 2009ರಲ್ಲಿ ಅಮೆರಿಕದ ಭೂಸೇನೆ ತನ್ನ ತರಬೇತಿಗೆ ಅಳವಡಿಸಿಕೊಂಡಿತು.

ಇದೇ ಕಾಲದ ‘ಅಮೆರಿಕಾಸ್ ಆರ್ಮಿ’ (2002) ಮುಖ್ಯವಾಗಿ ಯುವಕರನ್ನು ಸೇನೆಯತ್ತ ಸೆಳೆಯಲು ಹುಟ್ಟಿದ್ದು. ಅದನ್ನು ಈ ಸಾಲಿಗೆ ಸೇರಿಸುವುದು ಸರಿಯಲ್ಲ. ಸೇನೆಯ ನೆರವಿನಿಂದಲೇ ರೂಪುಗೊಂಡ ‘ಫುಲ್ ಸ್ಪೆಕ್ಟ್ರಮ್ ವಾರಿಯರ್’ (2004) ಇನ್ನೊಂದು ದಾರಿ ಹಿಡಿಯಿತು: ಅದರ ದೃಶ್ಯಸಾಮಗ್ರಿಯಿಂದ ‘ವರ್ಚುವಲ್ ಇರಾಕ್’ ಹುಟ್ಟಿ, ಯುದ್ಧದ ಆಘಾತದಿಂದ ನರಳುವ ಯೋಧರ ಚಿಕಿತ್ಸೆಗೆ ಬಳಕೆಯಾಯಿತು.

ಮಿತಿಗಳೂ ಸ್ಪಷ್ಟ. ಮೌಸ್ ಹಿಡಿದವನಿಗೆ ಬಂದೂಕಿನ ಭಾರ, ಬಿಸಿಲು, ದಣಿವು, ಸಾವಿನ ಭಯ ಯಾವುದೂ ತಟ್ಟುವುದಿಲ್ಲ. ಸತ್ತು ಮತ್ತೆ ಎದ್ದು ಆಡುವ ರೂಢಿ ರಣರಂಗದಲ್ಲಿ ಅಪಾಯಕಾರಿ. ಹಾಗಾಗಿ ತಿದ್ದಿದ ಗೇಮ್ ಮೈದಾನದ ಕವಾಯತಿಗೆ ಪೂರ್ವಸಿದ್ಧತೆಯಷ್ಟೇ, ಪರ್ಯಾಯವಲ್ಲ. ಆಟದ ಕೊನೆಯಲ್ಲಿ ತಪ್ಪು ತೋರಿಸುವ ಗುರುವಿಲ್ಲದಿದ್ದರೆ ಅದು ಬರೀ ಆಟವಾಗಿಯೇ ಉಳಿಯುತ್ತದೆ.