ಐದು ಜನರ ಆಟದ ಇಪ್ಪತ್ತು ವರ್ಷ

ಐವರ ಎದುರು ಐವರು. ನಡುವೆ ಮೂರು ದಾರಿ, ದಾರಿಗಳ ಮಧ್ಯೆ ಕಾಡು, ಎರಡು ತುದಿಯಲ್ಲಿ ಎರಡು ಕೋಟೆ. ಎದುರಾಳಿಯ ಕೋಟೆಯನ್ನು ಮೊದಲು ಕೆಡವಿದವರು ಗೆದ್ದರು. ಡೋಟಾ 2, ಲೀಗ್ ಆಫ್ ಲೆಜೆಂಡ್ಸ್, ಮೊಬೈಲ್ ಲೆಜೆಂಡ್ಸ್ ಮುಂತಾದ ಆಟಗಳೆಲ್ಲ ಈ ಒಂದು ಅಚ್ಚಿನಲ್ಲಿ ಬಂದವು. ನಮ್ಮ ಆಲೂರು ತಾಲ್ಲೂಕಿನ ಕುಂದೂರು ಹೋಬಳಿಯ ಹುಡುಗರೂ ಇವನ್ನು ಆಡುತ್ತಾರೆ. ಸಂಜೆಯ ಮೇಲೆ ತೋಟದ ದಾರಿಯಲ್ಲಿ ಆನೆಯ ಭಯ, ಮಳೆ ಹಿಡಿದರೆ ಕರೆಂಟಿಲ್ಲ. ಸಿಗ್ನಲ್ ಸಿಗುವ ಮೂಲೆ ಹುಡುಕಿಕೊಂಡು ಕೂರುತ್ತಾರೆ. ಚೆನ್ನಾಗಿ ಆಡುವುದನ್ನು ಕಲಿಯುವುದು ಹೇಗೆ ಎಂಬ ಅವರ ಪ್ರಶ್ನೆಗೆ ಈ ಆಟದ ಲೋಕ ಇಪ್ಪತ್ತು ವರ್ಷಗಳಲ್ಲಿ ಹಲವು ಉತ್ತರ ಕೊಟ್ಟಿದೆ. ನಮ್ಮ ಹುಡುಗರನ್ನು ತಲುಪಿದ್ದು ಅವುಗಳಲ್ಲಿ ಮೊದಲನೆಯದು ಮಾತ್ರ ಎಂಬುದು ನನ್ನ ಚಿಂತೆ.

ಈ ಆಟಗಳನ್ನು ಮೊದಲು ಕಟ್ಟಿದ್ದು ಕಂಪನಿಗಳಲ್ಲ, ಆಟಗಾರರೇ. ಸ್ಟಾರ್‌ಕ್ರಾಫ್ಟ್ ಆಟಕ್ಕೆ ಅಭಿಮಾನಿಯೊಬ್ಬ ಮಾಡಿದ ‘ಇಯಾನ್ ಆಫ್ ಸ್ಟ್ರೈಫ್’ ಎಂಬ ನಕ್ಷೆಯಲ್ಲಿ ಇದರ ಬೇರಿದೆ. 2003ರಲ್ಲಿ ವಾರ್‌ಕ್ರಾಫ್ಟ್ 3ರ ಮೇಲೆ ‘ಯೂಲ್’ ಎಂಬ ಅಡ್ಡಹೆಸರಿನವನು ಡೋಟಾ ಕಟ್ಟಿದ. ಆಮೇಲೆ ಅದನ್ನು ‘ಗಿನ್ಸೂ’, ಅವನ ನಂತರ ‘ಐಸ್‌ಫ್ರಾಗ್’ ಬೆಳೆಸಿದರು. ನಮ್ಮಲ್ಲಿಗೆ ಅದು ಬಂದದ್ದು ಇಂಜಿನಿಯರಿಂಗ್ ಹಾಸ್ಟೆಲ್ಲುಗಳ ಲ್ಯಾನ್ ಮೂಲಕ, ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ಹಾರುತ್ತ. ಆಗ ಗುರುವೆಂದರೆ ಪಕ್ಕದ ಕೋಣೆಯ ಸೀನಿಯರ್. ಅವನ ಬೆನ್ನ ಹಿಂದೆ ನಿಂತು ನೋಡಿ ಕಲಿಯುವುದೇ ವಿದ್ಯೆ. ಕಲಿತದ್ದೂ ಬಹುಪಾಲು ಬೆರಳಿನ ಕೆಲಸ, ಮೊದಲ ಉತ್ತರ ಅದೇ. ಅದರಲ್ಲಿ ಮುಖ್ಯವಾದದ್ದು ಲಾಸ್ಟ್ ಹಿಟ್. ಎದುರಿನ ಪುಟ್ಟ ಸೈನಿಕನ ಪ್ರಾಣ ಇನ್ನೇನು ಹೋಗಬೇಕು ಎನ್ನುವ ಕ್ಷಣದಲ್ಲಿ ಕೊನೆಯ ಏಟು ನಿಮ್ಮದಾಗಬೇಕು, ಆಗಲೇ ಚಿನ್ನ. ಅರೆಕ್ಷಣ ಮೊದಲು ಹೊಡೆದರೂ ಇಲ್ಲ, ತಡವಾದರೂ ಇಲ್ಲ. ಡೋಟಾದಲ್ಲಿ ಅರ್ಧ ನಿಮಿಷಕ್ಕೊಮ್ಮೆ ಹೊಸ ಸಾಲು ಬರುತ್ತದೆ. ಹತ್ತು ನಿಮಿಷ ಇದೊಂದನ್ನೇ ತಪ್ಪದೆ ಮಾಡಿದವನು ಕಾಳಗವಿಲ್ಲದೆಯೇ ಮುಂದಿರುತ್ತಾನೆ.

2009ರ ಅಕ್ಟೋಬರಿನಲ್ಲಿ ಲೀಗ್ ಆಫ್ ಲೆಜೆಂಡ್ಸ್ ಬಂತು. ಗಿನ್ಸೂ ಅದರ ತಂಡದಲ್ಲೂ ಇದ್ದ. 2011ರಲ್ಲಿ ಸ್ವೀಡನ್ನಿನ ಡ್ರೀಮ್‌ಹ್ಯಾಕ್‌ನಲ್ಲಿ ನಡೆದ ಅದರ ಮೊದಲ ವಿಶ್ವ ಚಾಂಪಿಯನ್‌ಶಿಪ್ಪನ್ನು ಯುರೋಪಿನ ಫ್ನಾಟಿಕ್ ಗೆದ್ದಿತು. ಮೇಲಿನ ದಾರಿಗೊಬ್ಬ, ಮಿಡ್‌ಗೊಬ್ಬ, ಕಾಡಿಗೊಬ್ಬ, ಕೆಳಗಿನ ದಾರಿಗೆ ಬಲ ಕೂಡಿಸಿಕೊಂಡು ಕೊನೆಗೆ ಆಟ ಗೆಲ್ಲಿಸಬೇಕಾದ ಕ್ಯಾರಿ ಮತ್ತು ಅವನನ್ನು ಕಾಯುವ ಸಪೋರ್ಟ್ ಎಂಬ ಯುರೋಪಿನವರ ಹಂಚಿಕೆಯೇ ಜಗತ್ತಿಗೆಲ್ಲ ಮಾದರಿಯಾಯಿತು. ಮೇಲುನೋಟಕ್ಕೆ ಸಣ್ಣ ವಿಷಯ. ಆದರೆ ಐದು ಜನ ಒಟ್ಟಿಗೆ ಆಡುವುದು ಬೇರೆ, ಐದು ಕೆಲಸಗಳನ್ನು ಹಂಚಿಕೊಂಡು ಆಡುವುದು ಬೇರೆ ಎಂದು ತೋರಿಸಿಕೊಟ್ಟಿದ್ದು ಇದೇ. ಆ ವರ್ಷವೇ ಜರ್ಮನಿಯ ಕೊಲೋನಿನಲ್ಲಿ ಡೋಟಾ 2ರ ಮೊದಲ ‘ದಿ ಇಂಟರ್‌ನ್ಯಾಷನಲ್’ ನಡೆದು, ಗೆದ್ದ ನಾವಿ ತಂಡಕ್ಕೆ 10 ಲಕ್ಷ ಡಾಲರ್ ಸಿಕ್ಕಿತು. ದುಡ್ಡು ಬಂದಲ್ಲಿ ತಂತ್ರವೂ ಗಂಭೀರವಾಯಿತು.

2013ರಲ್ಲಿ ಸಿಯಾಟಲ್‌ನಲ್ಲಿ ನಡೆದ ಇಂಟರ್‌ನ್ಯಾಷನಲ್‌ನ ಫೈನಲ್ಲನ್ನು ತಂತ್ರದ ಪಾಠವಾಗಿ ಇವತ್ತಿಗೂ ನೋಡಬಹುದು. ಸ್ವೀಡನ್ನಿನ ಅಲಯನ್ಸ್ ಕಾಳಗ ತಪ್ಪಿಸಿಕೊಂಡು, ಎದುರಾಳಿ ಒಂದು ಕಡೆ ಇದ್ದಾಗ ಇನ್ನೊಂದು ಕಡೆಯ ದಾರಿ ಕಾಯುವ ಟವರುಗಳನ್ನು ಉರುಳಿಸುವ ತಂಡ. ನಾವಿ ವಿರುದ್ಧ 2-2 ಸಮವಾಗಿ ಐದನೆಯ ಪಂದ್ಯ ನಡೆದಿತ್ತು. ತಮ್ಮ ಕೋಟೆ ಕುಸಿಯುತ್ತಿದೆ ಎಂದು ನಾವಿ ಆಟಗಾರರು ಮನೆಗೆ ಹಾರಲು ಸ್ಕ್ರೋಲ್ ಬಿಚ್ಚಿದ ಹೊತ್ತಿಗೆ, ಅಲಯನ್ಸಿನ ಎಸ್4 ತನ್ನ ಮಾಯಾಜಾಲ ಬೀಸಿ ಅವರನ್ನು ನಿಂತಲ್ಲೇ ಕಟ್ಟಿಹಾಕಿದ. ಅತ್ತ ಕೋಟೆ ಬಿತ್ತು. ಹೆಚ್ಚು ಜನರನ್ನು ಕೊಂದವರು ಗೆಲ್ಲುತ್ತಾರೆ ಎಂಬ ಭ್ರಮೆ ಇರುವವರು ಆ ಪಂದ್ಯ ನೋಡಬೇಕು. ಆಟ ಇರುವುದು ಕೋಟೆ ಕೆಡವಲು. ಕೊಲ್ಲುವುದು ಅದಕ್ಕೊಂದು ದಾರಿ, ಅಷ್ಟೇ.

ಮುಂದಿನ ಹೆಜ್ಜೆ ಕೊರಿಯನ್ನರದು, ಅದು ಕಣ್ಣಿನದು. ಈ ಆಟಗಳಲ್ಲಿ ನಕ್ಷೆಯ ಬಹುಭಾಗ ಮಂಜು ಮುಚ್ಚಿದ ಹಾಗೆ ಕತ್ತಲೆ. ನಮ್ಮವರು ಇರುವ ಕಡೆ ಬಿಟ್ಟರೆ, ವಾರ್ಡ್ ಎಂಬ ಪುಟ್ಟ ದೀಪ ನೆಟ್ಟಲ್ಲಿ ಮಾತ್ರ ಎದುರಾಳಿ ಕಾಣುತ್ತಾನೆ. 2014ರಲ್ಲಿ ಲೀಗ್ ವಿಶ್ವ ಪ್ರಶಸ್ತಿ ಗೆದ್ದ ಸ್ಯಾಮ್‌ಸಂಗ್ ವೈಟ್ ತಂಡ ತನ್ನ ವಾರ್ಡ್ ನೆಡುತ್ತ, ಎದುರಾಳಿಯ ವಾರ್ಡ್ ಕೀಳುತ್ತ ಅವರನ್ನು ಕುರುಡಾಗಿಸಿಬಿಟ್ಟಿತು. ಫೈನಲ್ಲಿನ ಶ್ರೇಷ್ಠ ಆಟಗಾರ ಪ್ರಶಸ್ತಿ ಹೋದದ್ದು ಸಪೋರ್ಟ್ ಆಡುತ್ತಿದ್ದ ‘ಮಾಟಾ’ಗೆ. ಆಲೂರು, ಸಕಲೇಶಪುರದವರಿಗೆ ಇದನ್ನು ವಿವರಿಸಬೇಕಿಲ್ಲ. ಆನೆ ಯಾವ ತೋಟದಲ್ಲಿದೆ ಎಂದು ಅರಣ್ಯ ಇಲಾಖೆಯ ಸಂದೇಶ ಮೊಬೈಲಿಗೆ ಬಂದ ದಿನ ನಾವು ಕೆಲಸಕ್ಕೆ ಹೋಗುವ ದಾರಿಯೇ ಬೇರೆ, ಬಾರದ ದಿನದ್ದೇ ಬೇರೆ. ವಾರ್ಡ್ ಕೊಡುವುದೂ ಆ ಸುದ್ದಿಯನ್ನೇ. ಆದರೂ ನಮ್ಮ ಹುಡುಗರಲ್ಲಿ ಸಪೋರ್ಟ್ ಆಡಲು ಒಪ್ಪುವವನು ಸಿಗುವುದಿಲ್ಲ, ಎಲ್ಲರಿಗೂ ಕ್ಯಾರಿಯೇ ಬೇಕು.

ಇಷ್ಟೆಲ್ಲ ಬಂದ ಮೇಲೂ ಮನಸ್ಸಿನ ಮಾತು ಬಾಕಿ ಉಳಿದಿತ್ತು. ಬೈಗುಳದ ಹಾವಳಿ ತಾಳಲಾರದೆ ಲೀಗ್ ಕಟ್ಟಿದ ರಯಟ್ ಕಂಪನಿ ತನ್ನ ಆಟಗಾರರನ್ನೇ ಅಧ್ಯಯನ ಮಾಡಿಸಿತು. ಸದಾ ಕೆಟ್ಟದಾಗಿ ವರ್ತಿಸುವವರು ಶೇಕಡಾ 1ರಷ್ಟು ಮಾತ್ರ. ಒಟ್ಟು ಬೈಗುಳದಲ್ಲಿ ಅವರ ಪಾಲು ಸುಮಾರು ಶೇಕಡಾ 5. ಉಳಿದದ್ದು ಬಹುಪಾಲು ನಮ್ಮ ನಿಮ್ಮಂಥ ಸಾಮಾನ್ಯರದು, ಅವತ್ತು ಮನಸ್ಸು ಕೆಟ್ಟವರದು. ಈ ಕ್ಷೇತ್ರದ ಅತಿ ಮುಖ್ಯ ಶೋಧ ಇದೇ ಎಂದು ನನಗನಿಸುತ್ತದೆ. ಟಿಲ್ಟ್ ಆಗುವುದು, ಅಂದರೆ ಸೋಲಿನ ಸಿಟ್ಟು ತಲೆಗೇರಿ ಮುಂದಿನ ಆಟವನ್ನೂ ಹಾಳುಮಾಡುವುದು, ಕೆಟ್ಟವರ ಗುಣವಲ್ಲ. ಯಾರಿಗಾದರೂ ಬರುವ ಸ್ಥಿತಿ. ಆದ್ದರಿಂದ ಅದಕ್ಕೆ ಅಭ್ಯಾಸವೂ ಉಂಟು. 2017ರಲ್ಲಿ ಎಂಐಟಿಯ ಸಂಶೋಧಕರೂ ಸೇರಿ ಲೀಗ್ ಆಡುವ 248 ತಂಡಗಳನ್ನು ಪರೀಕ್ಷಿಸಿದರು. ಎದುರಿನವರ ಮನಸ್ಸನ್ನು ಗ್ರಹಿಸುವ ಶಕ್ತಿ ಹೆಚ್ಚಿದ್ದ ತಂಡಗಳಲ್ಲಿ, ಹೆಣ್ಣುಮಕ್ಕಳಿದ್ದ ತಂಡಗಳಲ್ಲಿ, ಸಾಮೂಹಿಕ ಬುದ್ಧಿ ಹೆಚ್ಚಿತ್ತು.

ಮೈದಾನದಲ್ಲಿ ಇದನ್ನು ಸಾಬೀತು ಮಾಡಿದ್ದು ಓಜಿ ತಂಡ. 2018ರಲ್ಲಿ ಇಂಟರ್‌ನ್ಯಾಷನಲ್‌ಗೆ ಕೆಲವೇ ತಿಂಗಳಿರುವಾಗ ಇಬ್ಬರು ಬಿಟ್ಟುಹೋದರು. ಕೋಚ್ ಆಗಿದ್ದ ಸೆಬ್ ತಾನೇ ಆಟಕ್ಕಿಳಿದ, ಹೆಸರಿಲ್ಲದ ಹುಡುಗ ಟಾಪ್ಸನ್ನನ್ನು ಕರೆತಂದರು. ಯಾರು ಬೇಕಾದರೂ ಬರಬಹುದಾದ ಓಪನ್ ಕ್ವಾಲಿಫೈಯರ್‌ನಿಂದ ಶುರುಮಾಡಿ ಫೈನಲ್ಲಿನಲ್ಲಿ ಚೀನಾದ ಪಿಎಸ್‌ಜಿ ಎಲ್‌ಜಿಡಿಯನ್ನು 3-2ರಿಂದ ಸೋಲಿಸಿದರು. ಅವರ ಜೊತೆಗಿದ್ದವರು ಫಿನ್ಲೆಂಡಿನ ಕ್ರೀಡಾ ಮನಶ್ಶಾಸ್ತ್ರಜ್ಞೆ ಮಿಯಾ ಸ್ಟೆಲ್‌ಬರ್ಗ್. 2019ರ ಏಪ್ರಿಲ್‌ನಲ್ಲಿ ಇದೇ ಓಜಿ ಓಪನ್‌ಎಐ ಕಂಪನಿಯ ಯಂತ್ರತಂಡಕ್ಕೆ 2-0ರಿಂದ ಸೋತಿತು. ಹತ್ತು ತಿಂಗಳಲ್ಲಿ 45,000 ವರ್ಷಗಳಷ್ಟು ಆಟವನ್ನು ತನ್ನೊಂದಿಗೆ ತಾನೇ ಆಡಿ ಕಲಿತ ಯಂತ್ರ ಅದು. ತನ್ನ ಹೀರೋ ಸತ್ತ ಕೂಡಲೇ ಚಿನ್ನ ಕೊಟ್ಟು ಬೈಬ್ಯಾಕ್ ಮಾಡಿ ಮರಳುತ್ತಿತ್ತು. ಮನುಷ್ಯರು ಕೊನೆಗೆಂದು ಕೂಡಿಟ್ಟುಕೊಳ್ಳುತ್ತಿದ್ದದ್ದನ್ನು ಆರಂಭದಲ್ಲೇ ಖರ್ಚು ಮಾಡುತ್ತಿತ್ತು. ಸೋತ ಓಜಿ ನಾಲ್ಕೇ ತಿಂಗಳಲ್ಲಿ ಶಾಂಘೈನಲ್ಲಿ ಎರಡನೆಯ ಸಲ ಇಂಟರ್‌ನ್ಯಾಷನಲ್ ಗೆದ್ದಿತು.

ನಮ್ಮ ದೇಶದ ದಾರಿ ಏರುಪೇರಿನದು. ಲೀಗ್ ಆಡುವವರು ಬಹುಕಾಲ ಸಿಂಗಪುರದ ಸರ್ವರನ್ನೇ ನಂಬಬೇಕಾಯಿತು. ಮೊಬೈಲ್ ಲೆಜೆಂಡ್ಸ್ 2020ರ ಜೂನ್ 29ರ ನಿಷೇಧದ 59 ಆ್ಯಪ್‌ಗಳ ಪಟ್ಟಿಯಲ್ಲಿ ಹೋಯಿತು. ಅಷ್ಟಾಗಿಯೂ 2022ರಲ್ಲಿ ಬರ್ಮಿಂಗ್‌ಹ್ಯಾಮಿನ ಕಾಮನ್‌ವೆಲ್ತ್ ಇ-ಸ್ಪೋರ್ಟ್ಸ್ ಚಾಂಪಿಯನ್‌ಶಿಪ್ಪಿನಲ್ಲಿ ಮೋಯಿನ್ ಎಜಾಜ್ ನಾಯಕತ್ವದ ಡೋಟಾ 2 ತಂಡ ನ್ಯೂಜಿಲೆಂಡನ್ನು ಸೋಲಿಸಿ ಕಂಚು ತಂದಿತು. ಮರುವರ್ಷ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಅಕ್ಷಜ್ ಶೆಣೈ ನಾಯಕತ್ವದ ಲೀಗ್ ತಂಡ ಕ್ವಾರ್ಟರ್ ಫೈನಲ್ ತಲುಪಿ ವಿಯೆಟ್ನಾಮಿಗೆ ಸೋತಿತು.

ಕರ್ನಾಟಕದಲ್ಲಿ ಗೊಂದಲ ಹೆಚ್ಚಾಗಿ ಕಾನೂನಿನದಾಗಿತ್ತು. 2021ರ ಅಕ್ಟೋಬರಿನಲ್ಲಿ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ ಪೊಲೀಸ್ ಕಾಯ್ದೆಯ ತಿದ್ದುಪಡಿಯನ್ನು 2022ರ ಫೆಬ್ರುವರಿ 14ರಂದು ಹೈಕೋರ್ಟ್ ರದ್ದು ಮಾಡಿತು. 2025ರ ಆಗಸ್ಟಿನ ಕೇಂದ್ರ ಕಾಯ್ದೆ ಹಣದಾಟವನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್‌ಗೆ ಬೇರೆಯೇ ಮಾನ್ಯತೆ ಕೊಟ್ಟಿತು. ರಮ್ಮಿಯನ್ನೂ ಡೋಟಾವನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ತಂದೆತಾಯಂದಿರು ಈ ವ್ಯತ್ಯಾಸ ತಿಳಿಯಬೇಕು. ಅವರ ಆತಂಕ ಸುಳ್ಳೆಂದಲ್ಲ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇಂಥ ಗೀಳಿಗೆ ಚಿಕಿತ್ಸೆ ಕೊಡುವ ‘ಶಟ್’ ಕ್ಲಿನಿಕ್ ತೆರೆಯಿತು. ಆಟದ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಗಂಟೆಗಟ್ಟಲೆ ಒಬ್ಬನೇ ಕೂತು, ಸೋತು, ಸಿಟ್ಟಿನಲ್ಲಿ ಮತ್ತೆ ಆಡುವುದು ಆರೋಗ್ಯಕ್ಕೂ ಕೆಡುಕು, ಆಟಕ್ಕೂ ಕೆಡುಕು.

ಹಾಸನದಲ್ಲಿ ಓದುವ ಅಕ್ಕನ ಮಗ ರಜೆಗೆ ಬಂದಾಗ ಸೋತ ಡೋಟಾ ಆಟವೊಂದರ ರೀಪ್ಲೇ ಇಬ್ಬರೂ ನೋಡಿದೆವು. ‘ಮಾವ, ನಾನೊಬ್ನೇ ಹೋಗಿದ್ದು, ಸಪೋರ್ಟ್ ಬರ್ಲೇ ಇಲ್ಲ ನೋಡಿ’ ಎಂದ. ರೀಪ್ಲೇಯಲ್ಲಿ ಯಾವ ಆಟಗಾರನ ಕಣ್ಣಿನಿಂದಲೂ ನೋಡಬಹುದು. ಸಪೋರ್ಟಿನ ಕಡೆಯಿಂದ ಹಾಕಿದೆವು. ಎದುರಾಳಿಯ ಮೂವರು ಮಿನಿಮ್ಯಾಪಿನಿಂದ ಮಾಯವಾಗಿದ್ದರು, ‘ಹಿಂದೆ ಬಾ’ ಎಂಬ ಗುರುತು ಎರಡು ಸಲ ಮಿನುಗಿತ್ತು, ಇವನ ಹೀರೋ ಮಾತ್ರ ಮುಂದಕ್ಕೇ ನಡೆದಿತ್ತು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇನ್ನೊಂದ್ಸಲ ಹಾಕಿ’ ಎಂದ. ಯಾರೂ ಉಪದೇಶ ಮಾಡಬೇಕಾಗಲಿಲ್ಲ.

ನೆಟ್‌ವರ್ಕ್ ಸರಿಯಿಲ್ಲದ ನಮ್ಮಂಥ ಕಡೆ ಪಿಂಗ್, ಅಂದರೆ ಸಂಕೇತ ಸರ್ವರಿಗೆ ಹೋಗಿಬರುವ ಹೊತ್ತು, ಏರಿದಾಗ ಬೆರಳಿನ ಚುರುಕಿನಿಂದ ಗೆಲ್ಲುವುದು ಕಷ್ಟ. ಅರೆಕ್ಷಣದ ಚಮತ್ಕಾರ ಬೇಡುವ ಹೀರೋ ಬಿಟ್ಟು ಗಟ್ಟಿ ಹೀರೋ ಆರಿಸಿ, ನಕ್ಷೆ ನೋಡಿ, ಜಾಗ ಹಿಡಿದು ಆಡುವುದೇ ಜಾಣತನ. ಬೆಟ್ಟದೂರಿನ ಹುಡುಗರು ಬುದ್ಧಿಯಿಂದ ಆಡುವುದನ್ನು ಬೇಗ ಕಲಿಯಬೇಕಾದ ಕಾರಣವೂ ಇದೇ.

ಹಾಸನ, ಸಕಲೇಶಪುರ, ಆಲೂರಿನ ಕಾಲೇಜುಗಳ ದೈಹಿಕ ಶಿಕ್ಷಣ ವಿಭಾಗಗಳಲ್ಲಿ ನನ್ನದೊಂದು ವಿನಂತಿ. ಕಬಡ್ಡಿಗೆ, ವಾಲಿಬಾಲಿಗೆ ತಂಡ ಕಟ್ಟುವ ಹಾಗೆ ಇದಕ್ಕೂ ಐವರ ತಂಡ ಕಟ್ಟಿ, ಹುಡುಗಿಯರನ್ನೂ ಸೇರಿಸಿ. ಇಡೀ ವರ್ಷ ಅದೇ ಐವರಿರಲಿ. ದಿನಕ್ಕೆ ಎರಡು ಆಟ ಸಾಕು, ಎರಡೂ ಸೋತರೆ ಅವತ್ತಿಗೆ ನಿಲ್ಲಿಸಲಿ. ವಾರಕ್ಕೊಮ್ಮೆ ಸೋತ ಆಟವೊಂದರ ರೀಪ್ಲೇಯನ್ನು ಐವರೂ ಒಟ್ಟಿಗೆ ಕೂತು, ಕನ್ನಡದಲ್ಲೇ ಮಾತಾಡುತ್ತ ನೋಡಲಿ. ಇದಕ್ಕೆ ಬೇಕಾದ ಕಂಪ್ಯೂಟರ್ ಲ್ಯಾಬ್ ನಿಮ್ಮ ಕಾಲೇಜಿನಲ್ಲೇ ಇದೆ.